ಪ್ರತಿನಿಧಿದ್ರವ್ಯ

ಒಂದು ವಸ್ತುವಿನ ಸ್ಥಾನದಲ್ಲಿ ಇನ್ನೊಂದನ್ನು ಇರಿಸದೆ ಮನುಷ್ಯನ ಸಂಸಾರವು ಒಂದು ದಿನವಾದರೂ ಸಾಗಲಾರದು. ಬೆಲ್ಲ ಮುಗಿದಾಗ ಸಕ್ಕರೆ, ಹುಣಿಸೆಹಣ್ಣಿಲ್ಲದಾಗ ವಾಟೆಹುಳಿ, ಅಕ್ಕಿ ಸಾಲದ ವರ್ಷದಲ್ಲಿ ರಾಗಿ—ಹೀಗೆ ಅಭಾವವು ಕಲಿಸಿದ ಪಾಠಗಳಿಂದಲೇ ಪಾಕಶಾಸ್ತ್ರದ ಅರ್ಧಭಾಗವು ಹುಟ್ಟಿತೆಂದರೆ ತಪ್ಪಾಗಲಾರದು. ಆದರೆ ಬದಲಿಗಳೆಲ್ಲವೂ ಒಂದೇ ಜಾತಿಯವಲ್ಲ. ತುಪ್ಪಕ್ಕೆ ಗತಿಯಿಲ್ಲದವನು ದೇವರ ಮುಂದೆ ಎಣ್ಣೆಯ ದೀಪವನ್ನು ಹಚ್ಚಿದರೆ ಲೋಕವು ಅವನ ಭಕ್ತಿಗೆ ತಲೆದೂಗುತ್ತದೆ. ತುಪ್ಪದ ಡಬ್ಬಿಯಲ್ಲಿ ಎಣ್ಣೆಯನ್ನು ತುಂಬಿ ಮಾರಿದವನನ್ನು ಅದೇ ಲೋಕವು ಕಳ್ಳನೆನ್ನುತ್ತದೆ. ಇಬ್ಬರೂ ತುಪ್ಪದ ಸ್ಥಾನದಲ್ಲಿ ಎಣ್ಣೆಯನ್ನಿಟ್ಟವರೇ. ಹಾಗಾದರೆ ಒಬ್ಬನಲ್ಲಿ ಗುಣವಾದದ್ದು ಇನ್ನೊಬ್ಬನಲ್ಲಿ ದೋಷವಾಗುವುದು ಯಾವ ನ್ಯಾಯದಿಂದ? ಬದಲಿಯು ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ವಂಚನೆ? ಪ್ರಶ್ನೆಯು ಹಳೆಯದು, ಅದಕ್ಕೆ ಹಳೆಯ ಉತ್ತರವೂ ಉಂಟು. ಮಲೆನಾಡಿನ ಒಂದು ಅಡಿಗೆಮನೆಯಲ್ಲಿ ಕಳೆದ ಮಾಗಿಯಲ್ಲಿ ನಡೆದ ಸಣ್ಣ ಸಂಗತಿಯೊಂದು ಆ ಉತ್ತರವನ್ನು ಮತ್ತೆ ಪರಿಶೀಲಿಸುವುದಕ್ಕೆ ತಕ್ಕ ನಿದರ್ಶನವಾಗಿದೆ.

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಮಲ್ಲಂದೂರು ಸಿಕ್ಕುತ್ತದೆ. ಸುತ್ತಲೂ ಮರಗಳ ನೆರಳಿನಲ್ಲಿ ಕಾಫಿಯ ತೋಟಗಳು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಅರಾಬಿಕಾ ಹಣ್ಣಿನ ಕೊಯ್ಲು, ಕಣದಲ್ಲಿ ಒಣಗುವ ಬೀಜದ ವಾಸನೆ. ಅಲ್ಲಿಯ ಒಂದು ಮನೆಯಲ್ಲಿ ಮೊಟ್ಟೆಯು ಹೊಸಿಲು ದಾಟುವ ವಾಡಿಕೆಯಿಲ್ಲ. ಮನೆಯ ಯಜಮಾನಿಗೆ ಎಪ್ಪತ್ತು ದಾಟಿದೆ. ಆಕೆಯ ಒಬ್ಬಳೇ ಮಗಳು ಮದುವೆಯಾಗಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನೆಲಸಿ ಹನ್ನೆರಡು ವರ್ಷಗಳಾದುವು. ಆ ದೇಶದಲ್ಲಿ ಬೇಸಗೆಯ ರಜವು ಇಲ್ಲಿಯ ಮಾಗಿಗೆ ಸರಿಯಾಗಿ ಬರುತ್ತದೆ. ಆದುದರಿಂದ ಮಗಳು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಕೊಯ್ಲಿನ ಕಾಲಕ್ಕೆ ತವರಿಗೆ ಬಂದಿದ್ದಳು. ಅಲ್ಲಿ ನಿನಗೆ ಎಲ್ಲಕ್ಕಿಂತಲೂ ಇಷ್ಟವಾದ ತಿಂಡಿ ಯಾವುದೆಂದು ಅಜ್ಜಿಯು ಮೊಮ್ಮಗನನ್ನು ಕೇಳಿದಳು. ಹುಡುಗನು ತಡಮಾಡದೆ, ಅಮ್ಮ ಮಾಡುವ ಕಸ್ಟರ್ಡ್ ಸ್ಲೈಸ್ ಎಂದನು. ಅದನ್ನು ತನ್ನ ಕೈಯಿಂದಲೇ ಮಾಡಿಕೊಡಬೇಕೆಂದು ಅಜ್ಜಿಗೆ ಆಸೆಯಾಯಿತು.

ಆಸ್ಟ್ರೇಲಿಯದಲ್ಲಿ ಈ ತಿನಿಸಿಗೆ ವೆನಿಲಾ ಸ್ಲೈಸ್ ಎಂದೂ ಹೆಸರು; ಅಲ್ಲಿಯ ಬೇಕರಿಗಳಲ್ಲಿ ಅದು ಸಾಮಾನ್ಯವಾದ ಸರಕು. ಕೆಳಗೊಂದು, ಮೇಲೊಂದು ಪದರುಹಿಟ್ಟಿನ ಹಾಳೆ. ನಡುವೆ ಎರಡು ಬೆರಳು ದಪ್ಪವಾಗಿ ಹೆಪ್ಪುಗೊಂಡ ಹಾಲಿನ ಕಸ್ಟರ್ಡ್. ಮೇಲೆ ಸಕ್ಕರೆಯ ಲೇಪ. ಆ ಲೇಪಕ್ಕೆ ಪ್ಯಾಶನ್ ಹಣ್ಣಿನ ರಸವನ್ನು ಬೆರೆಸುವುದುಂಟು. ಆ ಹಣ್ಣಿನ ಬಳ್ಳಿ ಮಲೆನಾಡಿನ ಬೇಲಿಗಳ ಮೇಲೂ ಹಬ್ಬುತ್ತದೆ. ಒಟ್ಟು ತಿಂಡಿಯು ಈ ಬೆಟ್ಟಗಳಿಗೆ ತೀರ ಅಪರಿಚಿತವೂ ಅಲ್ಲ. 19ನೆಯ ಶತಮಾನದಲ್ಲಿ ಯುರೋಪಿಯನ್ ತೋಟಗಾರರು ಇಲ್ಲಿ ಬಂಗಲೆಗಳನ್ನು ಕಟ್ಟಿಕೊಂಡಾಗ ಅವರ ಕಸ್ಟರ್ಡು, ಪುಡ್ಡಿಂಗುಗಳೂ ಅವರೊಡನೆ ಬಂದುವು. ಪದರುಹಿಟ್ಟಿನ ವಿದ್ಯೆಯಂತೂ ಕನ್ನಡನಾಡಿನ ಹೆಂಗಸರಿಗೆ ಮೊದಲಿನಿಂದಲೇ ಬಂದದ್ದು. ಚಿರೋಟಿ ಮಾಡುವವಳು ಲಟ್ಟಿಸಿದ ಹಾಳೆಗಳ ನಡುವೆ ತುಪ್ಪವನ್ನೂ ಅಕ್ಕಿಯ ಹಿಟ್ಟನ್ನೂ ಸವರಿ, ಸುರುಳಿ ಸುತ್ತಿ, ಕೊಯ್ದು, ಮತ್ತೆ ಲಟ್ಟಿಸಿ ತುಪ್ಪದಲ್ಲಿ ಬಿಡುತ್ತಾಳೆ. ಆದುದರಿಂದ ಮಗಳು ವಿವರಿಸಿದಾಗ ತಾಯಿಯು, ಇದು ಚಿರೋಟಿಯ ವಂಶದ್ದೇ ಎಂದು ಹೇಳಿ, ಲಟ್ಟಣಿಗೆಯನ್ನು ಕೈಗೆ ತೆಗೆದುಕೊಂಡಳು.

ವಿಧಾನವು ಹೀಗೆ. 250 ಗ್ರಾಂ ಮೈದಾಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ ತಣ್ಣೀರಿನಲ್ಲಿ ಕಲಸಿ, ನೀರನ್ನು ಚೆನ್ನಾಗಿ ಹಿಂಡಿದ 200 ಗ್ರಾಂ ಬೆಣ್ಣೆಯನ್ನು ಹಲಗೆಯಂತೆ ತಟ್ಟಿ ಅದರೊಳಗೆ ಮಡಿಸಬೇಕು. ಬಳಿಕ ಉದ್ದವಾಗಿ ಲಟ್ಟಿಸಿ ಮೂರು ಮಡಿಕೆ ಮಾಡಬೇಕು. ಅರ್ಧ ಗಂಟೆ ತಂಪಿನಲ್ಲಿಟ್ಟು ಮತ್ತೆ ಲಟ್ಟಿಸಬೇಕು. ಹೀಗೆ 6 ಸಲ ಮಾಡಿದರೆ ಬೆಣ್ಣೆಯ ಪದರಗಳು ಲೆಕ್ಕದಲ್ಲಿ 729 ಆಗುತ್ತವೆ. ಬೆಣ್ಣೆ ಕರಗಿ ಹಿಟ್ಟಿನೊಳಗೆ ಇಂಗಿದರೆ ಪದರವೇ ಉಳಿಯದು. ಆದುದರಿಂದ ಈ ಕೆಲಸಕ್ಕೆ ಮಾಗಿಯ ಮುಂಜಾವಿನ ಚಳಿ ಅನುಕೂಲ. 200 ಡಿಗ್ರಿ ಶಾಖದ ಒಲೆಯಲ್ಲಿ ಹಿಟ್ಟಿನೊಳಗಿನ ನೀರು ಆವಿಯಾಗಿ ಪದರಗಳನ್ನು ಮೇಲಕ್ಕೆತ್ತುತ್ತದೆ, ಬೆಣ್ಣೆಯು ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಸ್ಲೈಸಿಗೆ ಹಾಳೆಯು ಅತಿಯಾಗಿ ಉಬ್ಬಬಾರದಾದ ಕಾರಣ ಮುಳ್ಳಿನಿಂದ ಚುಚ್ಚಿ, ಮೇಲೊಂದು ತಟ್ಟೆಯ ಭಾರವನ್ನಿಟ್ಟು, 25 ನಿಮಿಷ ಬೇಯಿಸುತ್ತಾರೆ.

ಹಾಳೆಗಳು ಬೆಂದುವು. ಕಸ್ಟರ್ಡಿನ ಸರದಿ ಬಂದಿತು. ಮಗಳು ತನ್ನ ಪುಸ್ತಕವನ್ನು ತೆರೆದು, ಹಾಲು 1 ಲೀಟರ್, ಸಕ್ಕರೆ 150 ಗ್ರಾಂ, ಜೋಳದ ನುಣ್ಣನೆಯ ಹಿಟ್ಟು 100 ಗ್ರಾಂ, ಬೆಣ್ಣೆ 50 ಗ್ರಾಂ ಎಂದು ಓದುತ್ತ ಹೋದಳು. ತಾಯಿಯು ಅಳೆದು ಹಾಕುತ್ತ ಹೋದಳು. ಹಾಲು ಕಾದು, ಹಿಟ್ಟು ಬೆರೆತು, ಅಜ್ಜಿಯ ಕೈಯಲ್ಲಿ ಸೌಟು ತಿರುಗುತ್ತಿತ್ತು. ಹುಡುಗನು ಬಳಿಯಲ್ಲಿಯೇ ನಿಂತು ಕಾಯುತ್ತಿದ್ದನು. ಮೆಲ್ಬರ್ನಿನ ಮನೆಯಲ್ಲಿ ಈ ತಿಂಡಿ ಮಾಡುವಾಗ ಮೊಟ್ಟೆಯ ಬಿಳಿಯಿಂದ ಹಳದಿಯನ್ನು ಬೇರ್ಪಡಿಸುವ ಕೆಲಸ ಅವನದು. ತನ್ನನ್ನು ಯಾರೂ ಕರೆಯಲಿಲ್ಲವೆಂದು ಅವನು ಕೊನೆಗೆ, “ಅಮ್ಮಾ, ನಾಲ್ಕು ಹಳದಿ ಹಾಕುವುದನ್ನು ಮರೆತೆಯಲ್ಲ” ಎಂದನು.

ಅಡಿಗೆಮನೆಯಲ್ಲಿ ಮಾತು ನಿಂತಿತು. ಸೌಟು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ತಳ ಹತ್ತುತ್ತದೆ. ಮಗಳು ಮರೆತಿರಲಿಲ್ಲ, ಓದುವಾಗ ಒಂದು ಸಾಲನ್ನು ಹಾರಿಸಿದ್ದಳು. ಹನ್ನೆರಡು ವರ್ಷಗಳಿಂದ ಅವಳು ದೂರವಾಣಿಯಲ್ಲಿ ತಾಯಿಯೊಡನೆ ಮಾತನಾಡುವಾಗಲೆಲ್ಲ ಆ ಒಂದು ಸಾಲನ್ನು ಹಾರಿಸಿಯೇ ಮಾತನಾಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಾಯಿಯು ತಲೆಯೆತ್ತದೆ, “ಅದು ಏತಕ್ಕೆ ಹಾಕುವುದು?” ಎಂದು ಕೇಳಿದಳು. “ಗಟ್ಟಿಯಾಗುವುದಕ್ಕೆ. ಬಣ್ಣಕ್ಕೆ. ಸ್ವಲ್ಪ ಜಿಡ್ಡಿಗೆ” ಎಂದು ಮಗಳು ಹೇಳಿದಳು. “ಹಾಗಾದರೆ ಆ ಮೂರಕ್ಕೂ ಇಲ್ಲಿ ಏನಿದೆಯೋ ನೋಡು” ಎಂದು ತಾಯಿಯು ಹೇಳಿದಳು. 20 ಗ್ರಾಂ ಹಿಟ್ಟನ್ನು ಹೆಚ್ಚಾಗಿ ಕಲಸಿ ಹಾಕಿದರು. ಒಂದು ಚಮಚ ಬೆಣ್ಣೆ ಹೆಚ್ಚಿತು. ಬಣ್ಣಕ್ಕೆ ಹಾಲಿನಲ್ಲಿ ನೆನೆದ ಕೇಸರಿಯ ಎಸಳು. ಕಸ್ಟರ್ಡು ಗಟ್ಟಿಯಾಗಿ ಕುದಿಗುಳ್ಳೆ ಬಂದಾಗ ಇಳಿಸಿ, ಹಾಳೆಯ ಮೇಲೆ ಹರಡಿ, ಇನ್ನೊಂದು ಹಾಳೆಯನ್ನು ಮುಚ್ಚಿ, ಆರಲು ಇಟ್ಟರು. ಎದ್ದು ಹೋಗುವಾಗ ತಾಯಿಯು, “ಇಷ್ಟು ವರ್ಷ ಹೇಳಬಹುದಾಗಿತ್ತು” ಎಂದಷ್ಟೆ ಹೇಳಿದಳು.

ಸಂಜೆ ಇಬ್ಬರು ನೆಂಟರು ಬಂದರು. ಸ್ಲೈಸನ್ನು ಚೌಕವಾಗಿ ಕೊಯ್ದು ಕೊಟ್ಟಾಗ ಅವರಲ್ಲೊಬ್ಬರು, ಆಸ್ಟ್ರೇಲಿಯದಲ್ಲಿ ಮಾಡುವುದು ಇದನ್ನೇ ಏನು ಎಂದು ವಿಚಾರಿಸಿದರು. ಮಗಳು ಅವಸರದಿಂದ, “ಇದನ್ನೇ” ಎಂದಳು. ತಾಯಿಯು, “ಅದಲ್ಲ. ಅದಕ್ಕೆ ಬದಲಾಗಿ ಮಾಡಿದ್ದು. ಅದರಲ್ಲಿ ಮೊಟ್ಟೆಯಿರುತ್ತದೆ, ಇದರಲ್ಲಿ ಇಲ್ಲ” ಎಂದು ತಿದ್ದಿದಳು. ನಡೆದದ್ದು ಇಷ್ಟೆ. ಇಲ್ಲಿ ವಿಚಾರಣೆಗೆ ಎರಡು ವಿಷಯಗಳಿವೆ: ಹಳದಿಯ ಸ್ಥಾನದಲ್ಲಿ ಬಂದ ಹಿಟ್ಟು ಒಂದು, ಹಾರಿಸಿದ ಸಾಲು ಇನ್ನೊಂದು. ಎರಡೂ ಬದಲಿಗಳೇ, ಆದರೆ ಎರಡಕ್ಕೂ ಒಂದೇ ತೀರ್ಪು ಸಲ್ಲುವುದೆ?

ಬದಲಿಯ ವಿಷಯವನ್ನು ಪೂರ್ವಮೀಮಾಂಸಾ ಶಾಸ್ತ್ರದಷ್ಟು ಸೂಕ್ಷ್ಮವಾಗಿ ವಿಚಾರಮಾಡಿದ ಶಾಸ್ತ್ರವು ಅಪರೂಪ. ಜೈಮಿನಿಯ ಸೂತ್ರಗಳ 6ನೆಯ ಅಧ್ಯಾಯದ 3ನೆಯ ಪಾದವು ಬಹುಮಟ್ಟಿಗೆ ಈ ಚರ್ಚೆಗೇ ಮೀಸಲಾಗಿದೆ. ಶಬರಸ್ವಾಮಿಯ ಭಾಷ್ಯವು ಅದನ್ನು ವಿಸ್ತರಿಸುತ್ತದೆ. 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರು ‘ಜೈಮಿನೀಯ ನ್ಯಾಯಮಾಲಾವಿಸ್ತರ’ದಲ್ಲಿ ಶಾಸ್ತ್ರದ ಅಧಿಕರಣಗಳನ್ನೆಲ್ಲ ವಿದ್ಯಾರ್ಥಿಗಳಿಗೆ ಸುಲಭವಾಗುವಂತೆ ಸಂಗ್ರಹಿಸಿದರು. ಅಲ್ಲಿ ಏಳುವ ಪ್ರಶ್ನೆಯು ತೀರ ವ್ಯಾವಹಾರಿಕವಾದುದು. ಯಾಗಕ್ಕೆ ವ್ರೀಹಿಯೆಂಬ ಬತ್ತವನ್ನು ವಿಧಿಸಿದೆ, ಬತ್ತವು ನಷ್ಟವಾಯಿತು, ಯಜಮಾನನು ಏನು ಮಾಡತಕ್ಕದ್ದು? ವಿಹಿತದ್ರವ್ಯವೇ ಇಲ್ಲವೆಂದಮೇಲೆ ಕರ್ಮವನ್ನು ಬಿಡುವುದೇ ಸರಿಯೆಂದು ಪೂರ್ವಪಕ್ಷ. ಬಿಡಬಾರದು, ಬತ್ತವನ್ನು ಹೋಲುವ ನೀವಾರವೆಂಬ ಕಾಡುಬತ್ತದಿಂದ ಮಾಡಬೇಕೆಂದು ಸಿದ್ಧಾಂತ. ಹೀಗೆ ಬಂದ ದ್ರವ್ಯಕ್ಕೆ ಪ್ರತಿನಿಧಿಯೆಂದು ಹೆಸರು. ಪ್ರತಿನಿಧಿಯು ಸಲ್ಲುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ: ಬತ್ತದ ಪ್ರಯೋಜನವು ಕಣ್ಣಿಗೆ ಕಾಣತಕ್ಕದ್ದು. ಅದನ್ನು ಕುಟ್ಟಿ, ಬೀಸಿ, ಪುರೋಡಾಶವನ್ನು ಮಾಡಬೇಕು. ಆ ಕೆಲಸ ನೀವಾರದಿಂದಲೂ ಆಗುತ್ತದೆ.

ಆದರೆ ಶಾಸ್ತ್ರವು ಅಲ್ಲಿಗೆ ನಿಲ್ಲದೆ, ಯಾವುದಕ್ಕೆ ಪ್ರತಿನಿಧಿಯಿಲ್ಲವೆಂಬುದನ್ನೂ ಎಣಿಸಿ ಹೇಳುತ್ತದೆ. ದೇವತೆಗೆ ಪ್ರತಿನಿಧಿಯಿಲ್ಲ: ಒಬ್ಬನಿಗೆ ಸಂಕಲ್ಪಿಸಿದ ಹವಿಸ್ಸನ್ನು ಇನ್ನೊಬ್ಬನಿಗೆ ಕೊಟ್ಟು ಸರಿಹೋಯಿತೆನ್ನಲಾಗದು. ವಿಹಿತವಾದ ಅಗ್ನಿಗೆ, ಮಂತ್ರರೂಪವಾದ ಶಬ್ದಕ್ಕೆ, ಕ್ರಿಯೆಗೆ ಪ್ರತಿನಿಧಿಯಿಲ್ಲ. ಕರ್ಮದ ಸ್ವಾಮಿಯಾದ ಯಜಮಾನನಿಗೂ ಪ್ರತಿನಿಧಿಯಿಲ್ಲ. ಹಲವರು ಕೂಡಿ ನಡೆಸುವ ಸತ್ರದ ಮಾತು ಬೇರೆ. ನಿಷಿದ್ಧವಾದುದು ಎಷ್ಟೇ ಹೋಲುತ್ತಿದ್ದರೂ ಪ್ರತಿನಿಧಿಯಾಗಲಾರದು. ಪ್ರತಿನಿಧಿಯೂ ಕೆಟ್ಟರೆ, ಮುಂದಿನದನ್ನು ಹುಡುಕುವಾಗ ಪ್ರತಿನಿಧಿಯ ಹೋಲಿಕೆಯನ್ನು ನೋಡದೆ ಮೂಲದ ಹೋಲಿಕೆಯನ್ನೇ ನೋಡಬೇಕು. ಈ ನಿಯಮಗಳನ್ನು ಒಟ್ಟುಗೂಡಿಸಿ ನೋಡಿದರೆ ತಿರುಳು ಇದು: ಯಾವುದರಿಂದ ಮಾಡುವೆವೋ ಅದು ಬದಲಾಗಬಹುದು, ಯಾರಿಗಾಗಿ, ಯಾರು, ಯಾವ ಮಾತನ್ನಾಡಿ ಮಾಡುವರೋ ಅದು ಬದಲಾಗಕೂಡದು.

ಮಲ್ಲಂದೂರಿನ ಅಡಿಗೆಮನೆಯಲ್ಲಿ ತಾಯಿಯು “ಅದು ಏತಕ್ಕೆ?” ಎಂದು ಕೇಳಿದಾಗ, ತಿಳಿದೋ ತಿಳಿಯದೆಯೋ, ಮೀಮಾಂಸಕರ ಪ್ರಶ್ನೆಯನ್ನೇ ಕೇಳಿದಳು. ಹಳದಿಯ ಪ್ರಯೋಜನ ದೃಷ್ಟವಾದುದು. ಶಾಖಕ್ಕೆ ಅದರ ಸಾರವು ಹೆಪ್ಪುಗಟ್ಟಿ ಹಾಲನ್ನು ಹಿಡಿದು ನಿಲ್ಲಿಸುತ್ತದೆ. ಜೋಳದ ಹಿಟ್ಟು ಇನ್ನೊಂದು ದಾರಿಯಿಂದ ಅಲ್ಲಿಗೇ ಬರುತ್ತದೆ: ಅದರ ಕಣಗಳು ಬಿಸಿಹಾಲನ್ನು ಹೀರಿ ಉಬ್ಬಿ, ಕುದಿಯ ಸಮೀಪದಲ್ಲಿ ಪೂರ್ಣವಾಗಿ ಗಟ್ಟಿಯಾಗುತ್ತವೆ. ಇವೆರಡನ್ನೂ ಕೂಡಿಸಿ ಮಾಡುವವರಿಗೆ ಒಂದು ಎಚ್ಚರ ಬೇಕು. ಹಳದಿಯಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವೊಂದಿದ್ದು, ಚೆನ್ನಾಗಿ ಕುದಿಸಿ ಅದನ್ನು ಅಡಗಿಸದಿದ್ದರೆ ಗಟ್ಟಿಯಾದ ಕಸ್ಟರ್ಡು ಮರುದಿನ ನೀರಾಗುತ್ತದೆ. ಹಿಟ್ಟೊಂದರಿಂದಲೇ ಮಾಡುವವರಿಗೆ ಆ ಭಯವಿಲ್ಲ. ಹಳದಿಯ ಬದಲು ಹಿಟ್ಟನ್ನು ಹಾಕುವುದು ಈ ನಾಡಿನ ಮಡಿವಂತಿಕೆಯಿಂದ ಹುಟ್ಟಿದ ಉಪಾಯವೂ ಅಲ್ಲ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಔಷಧವ್ಯಾಪಾರಿ ಆಲ್ಫ್ರೆಡ್ ಬರ್ಡ್ ಎಂಬುವನು ಮೊಟ್ಟೆಯಿಲ್ಲದ ಕಸ್ಟರ್ಡು ಪುಡಿಯನ್ನು ಮೊದಲು ಮಾಡಿದನು. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಕಸ್ಟರ್ಡು ಬೇಕಾದ ಹೆಂಡತಿಗಾಗಿ ಅವನು ದ್ರವ್ಯವನ್ನು ಬದಲಿಸಿದನು. ಹೆಂಡತಿಯ ಆಸೆಯನ್ನು ಬದಲಿಸಲಿಲ್ಲ. ಪ್ರತಿನಿಧಿಯ ನಿಯಮವು ಇದಕ್ಕಿಂತ ಸರಳವಾಗಿ ಆಚರಣೆಗೆ ಬಂದ ಉದಾಹರಣೆಯನ್ನು ಹುಡುಕುವುದು ಕಷ್ಟ.

ಕನ್ನಡನಾಡಿನಲ್ಲಿಯೂ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದರು. ಬ್ರೆಡ್ಡು, ಬನ್ನುಗಳ ವಿದ್ಯೆ ಪಾಶ್ಚಾತ್ಯರದು. ಮೊಟ್ಟೆಯಿಲ್ಲದೆ ಅದನ್ನು ಸಾಧಿಸುವ ಹಟ ಇವರದು. ಮುಂದೆ ಅಯ್ಯಂಗಾರ್ ಬೇಕರಿಯೆಂಬುದು ಊರೂರಿಗೆ ಹಬ್ಬಿತು. ಮೊಟ್ಟೆಯಿಲ್ಲದ ಕೇಕನ್ನು ಕೊಳ್ಳುವವರು ಅದು ಮೊಟ್ಟೆಯಿಲ್ಲದ್ದೆಂದು ತಿಳಿದೇ ಕೊಳ್ಳುತ್ತಾರೆ. ಆದುದರಿಂದ ಅಲ್ಲಿ ವಂಚನೆಯ ಮಾತೇ ಇಲ್ಲ.

ಈಗ ಒಂದು ಆಕ್ಷೇಪ ಏಳಬಹುದು. ರುಚಿ, ಬಣ್ಣ, ಗಟ್ಟಿತನ ಎಲ್ಲವೂ ಹೊಂದಿದ ಮೇಲೆ “ಅದೇ” ಎಂದರೇನು, “ಅದರ ಬದಲಿ” ಎಂದರೇನು? ನೆಂಟರ ಮುಂದೆ ಒಂದು ಪದವನ್ನು ಹಿಡಿದು ತಿದ್ದುವುದು ವೃಥಾ ನಿಷ್ಠುರವಲ್ಲವೆ? ಇದಕ್ಕೆ ಉತ್ತರವನ್ನು ಕಾಫಿಯ ನಾಡಿನವರು ಬೇರೆಡೆ ಹುಡುಕಬೇಕಾಗಿಲ್ಲ. ನೆಪೋಲಿಯನ್ನನು 1806ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ತಡೆಹಾಕಿದಾಗ ಫ್ರಾನ್ಸಿನಲ್ಲಿ ಕಾಫಿಗೆ ಬರ ಬಂದು, ಚಿಕೋರಿಯ ಬೇರನ್ನು ಹುರಿದು ಕಾಫಿಯ ಸ್ಥಾನದಲ್ಲಿ ಕುಡಿಯುವುದು ಬಹಳವಾಗಿ ಹಬ್ಬಿತು. ಅದು ಅಭಾವದ ಪ್ರತಿನಿಧಿ, ತಪ್ಪಲ್ಲ. ಅಭಾವವು ತೀರಿದ ಮೇಲೂ ಚಿಕೋರಿಯು ಉಳಿಯಿತು, ಇಂದು ಅದನ್ನು ಬಯಸಿಯೇ ಕುಡಿಯುವವರಿದ್ದಾರೆ, ಅದೂ ತಪ್ಪಲ್ಲ. ಆದರೆ ಕಾಫಿಯೆಂದು ಹೇಳಿ ಚಿಕೋರಿಯನ್ನು ಕೊಟ್ಟರೆ ತಪ್ಪು. ಅದಕ್ಕಾಗಿಯೇ ಭಾರತದ ಆಹಾರದ ಕಾನೂನು ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ, ಯಾವುದು ಎಷ್ಟೆಂಬುದನ್ನು ಪೊಟ್ಟಣದ ಮ���ಲೆ ಕಾಣಿಸಬೇಕೆಂದೂ ವಿಧಿಸಿದೆ. ಬೆರಕೆಯನ್ನು ಕಾನೂನು ನಿಷೇಧಿಸಲಿಲ್ಲ. ಬೆರಕೆಯನ್ನು ಮುಚ್ಚಿಡುವುದನ್ನು ನಿಷೇಧಿಸಿತು. 2001ರಿಂದ ಆಹಾರದ ಪೊಟ್ಟಣಗಳ ಮೇಲೆ ಕಾಣುವ ಹಸಿರು ಮತ್ತು ಕಂದು ಗುರುತುಗಳ ತಾತ್ಪರ್ಯವೂ ಇದೇ. ತಿನ್ನುವವನು ತಿನ್ನಲಿ, ಬಿಡುವವನು ಬಿಡಲಿ; ತಿಳಿದು ಮಾಡಲಿ.

ವೆನಿಲಾದ ಕಥೆಯು ಇನ್ನೂ ಕಠಿನವಾದ ಪಾಠವನ್ನು ಹೇಳುತ್ತದೆ. ಮೆಕ್ಸಿಕೋ ದೇಶದ ಈ ಬಳ್ಳಿಯ ಹೂ ಒಂದು ದಿನ ಮಾತ್ರ ಅರಳಿರುತ್ತದೆ. ತವರನ್ನು ಬಿಟ್ಟ ಮೇಲೆ ಅದಕ್ಕೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಅದನ್ನು ಸುಲಭವಾಗಿ ಮಾಡುವ ಬಗೆಯನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕನು ಕಂಡುಹಿಡಿದನು. 1874ರಲ್ಲಿ ಜರ್ಮನಿಯ ಟೀಮನ್, ಹಾರ್ಮನ್ ಎಂಬ ರಸಾಯನಶಾಸ್ತ್ರಜ್ಞರು ಪೀತದಾರು ಜಾತಿಯ ಮರದ ರಸದಿಂದ ಅದೇ ಪರಿಮಳದ ವೆನಿಲಿನ್ನನ್ನು ತಯಾರಿಸಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲಾ ಕೋಡಿಗೆ ವಿಪರೀತ ಬೆಲೆ ಬಂದಾಗ ಮಲೆನಾಡಿನ ಎಷ್ಟೋ ತೋಟಗಳಲ್ಲಿ ಮರಮರಕ್ಕೂ ಬಳ್ಳಿ ಹತ್ತಿಸಿದರು. ಪ್ರತಿಯೊಂದು ಹೂವನ್ನೂ ಬೆಳಗಿನ ಹೊತ್ತಿನಲ್ಲಿ ಕಡ್ಡಿಯಿಂದ ಮುಟ್ಟಿ ಕಾಯಿ ಕಟ್ಟಿಸಿದರು. 2004ರ ಮೇಲೆ ಬೆಲೆ ಕುಸಿಯಿತು. ಮಡಗಾಸ್ಕರಿನ ಬೆಳೆ ಚೇತರಿಸಿಕೊಂಡದ್ದು ಒಂದು ಕಾರಣ. ದುಬಾರಿಯಾದ ಕೋಡನ್ನು ಬಿಟ್ಟು ಕೊಳ್ಳುವವರು ವೆನಿಲಿನ್ನಿಗೆ ತಿರುಗಿದ್ದು ಇನ್ನೊಂದು. ವೆನಿಲಿನ್ನನ್ನು ಬಳಸುವುದು ಪಾಪವಲ್ಲ. ಬಡವನ ಮಗುವಿಗೂ ಅದರಿಂದ ಪರಿಮಳ ದೊರೆಯಿತು. ಆದರೆ ಹೆಸರಿನ ಭೇದವನ್ನು ಅಳಿಸಿ ಎರಡನ್ನೂ ಬರಿಯ ವೆನಿಲಾ ಎಂದು ಕರೆದರೆ, ಹೂವನ್ನು ಒಂದೊಂದಾಗಿ ಮುಟ್ಟಿದ ಕೈಗಳು ಲೆಕ್ಕದಿಂದಲೇ ಮಾಯವಾಗುತ್ತವೆ. ಹೇಳದೆ ಮಾಡಿದ ಬದಲಿಯು ತಿನ್ನುವವನೊಬ್ಬನಿಗೇ ಅನ್ಯಾಯ ಮಾಡುವುದಿಲ್ಲ. ಮೂಲವನ್ನು ದುಡಿದು ಬೆಳೆದವನಿಗೂ ಮಾಡುತ್ತದೆ. ಶಬ್ದಕ್ಕೆ ಪ್ರತಿನಿಧಿಯಿಲ್ಲವೆಂದ ಶಾಸ್ತ್ರವು ಮಂತ್ರವನ್ನು ಕುರಿತು ಹೇಳಿತು, ನಿಜ. ಲೋಕವ್ಯವಹಾರದಲ್ಲಿಯೂ ಆ ಮಾತಿಗೆ ಬೆಲೆಯಿದೆ.

ಇನ್ನೊಂದು ಆಕ್ಷೇಪವು ಯಜಮಾನಿಯ ನಿಯಮವನ್ನೇ ಕುರಿತದ್ದು. ಮೊಟ್ಟೆಯನ್ನು ಹೊಸಿಲು ದಾಟಿಸದ ಆಚಾರಕ್ಕೆ ಅಷ್ಟು ಗೌರವವೇಕೆ ಎಂದು ಕೇಳುವವರು ಕೇಳಲಿ. ಅವರ ಕೈಗೆ ಇನ್ನೂ ಬಲವಾದ ಆಯುಧವೊಂದಿದೆ. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ಮಲೆನಾಡಿನಲ್ಲಿ ಇಷ್ಟಪಡದವರು ಕಡಮೆ. ಹಿಟ್ಟೂ ಇಲ್ಲದೆ, ಮೊಟ್ಟೆಯೂ ಇಲ್ಲದೆ, ಹಾಲಿನ ಸಾರವೇ ಶಾಖಕ್ಕೆ ಹೆಪ್ಪುಗಟ್ಟಿ ಆಗುವ ಈ ನಾಡಿನ ಕಸ್ಟರ್ಡು ಅದು. ಆದರೆ ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ವರ್ಜ್ಯಗಳನ್ನು ಎಣಿಸುವಾಗ ಪೀಯೂಷವೆಂಬ ಆ ಹಾಲನ್ನೂ, ಕರು ಹಾಕಿ ಹತ್ತು ದಿನ ಕಳೆಯದ ಹಸುವಿನ ಹಾಲನ್ನೂ ಸೇರಿಸಿದೆ. ಮೊಟ್ಟೆಯ ಹೆಸರು ಕೇಳಿ ಮುಖ ಸಿಂಡರಿಸುವ ಮನೆಗಳಲ್ಲಿ ಗಿಣ್ಣನ್ನು ನೆರೆಹೊರೆಗೂ ಹಂಚಿ ತಿನ್ನುತ್ತಾರೆ. ಆಚಾರದ ಗಡಿಗಳು ಶಾಸ್ತ್ರದಿಂದಲೇ ಹುಟ್ಟಿದುವಲ್ಲ. ಅಭ್ಯಾಸ, ಅನುಕೂಲ, ಪ್ರೀತಿ ಇವೂ ಅವನ್ನು ಎಳೆದಿವೆ. ಇದನ್ನು ಬಲ್ಲವನು ಇನ್ನೊಬ್ಬರ ಗಡಿಯನ್ನು ಹೀಯಾಳಿಸುವುದಿಲ್ಲ, ತನ್ನ ಗಡಿಯನ್ನು ಲೋಕಕ್ಕೆಲ್ಲ ಪ್ರಮಾಣವೆಂದೂ ಸಾರುವುದಿಲ್ಲ. ಹಾಗೆಂದು ಗಡಿಯೇ ಬೇಡವೆಂದಾಗಲಿಲ್ಲ. ತಾಯಿಯ ಅಡಿಗೆಮನೆಯಲ್ಲಿ ತಾಯಿಯ ನಿಯಮವನ್ನು ಮಗಳು ಕಾಪಾಡಿದಳು; ಗುಟ್ಟಾಗಿ ಹಳದಿಯನ್ನು ಬೆರೆಸಿ ತಾಯಿಗೆ ತಿನ್ನಿಸಲಿಲ್ಲ. ಅದು ಅವಳ ಗುಣ. ವ್ರತದ ಪ್ರಯೋಜನವು ಹಳದಿಯ ಪ್ರಯೋಜನದಂತೆ ದೃಷ್ಟವಲ್ಲ. ಆದುದರಿಂದ ಅದರ ಸ್ಥಾನದಲ್ಲಿ ಇಡತಕ್ಕ ಇನ್ನೊಂದು ವಸ್ತುವಿಲ್ಲ. ಇನ್ನೊಬ್ಬರ ವ್ರತವನ್ನು ಅವರಿಗೆ ತಿಳಿಯದಂತೆ ಮುರಿದವನು ಏನನ್ನು ಕೊಟ್ಟೂ ಆ ಸಾಲವನ್ನು ತೀರಿಸಲಾರನು.

ಉಳಿದದ್ದು ಹಾರಿಸಿದ ಸಾಲು. ಇಲ್ಲಿ ಪೂರ್ವಪಕ್ಷವು ದುರ್ಬಲವಾದುದಲ್ಲ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಸ್ಮೃತಿಯೇ ಹೇಳುತ್ತದೆ. ವೃದ್ಧೆಯಾದ ತಾಯಿ, ಸಮುದ್ರದಾಚೆಯ ಮಗಳು. ಅಲ್ಲಿಯ ಊಟದ ವಿವರಗಳನ್ನೆಲ್ಲ ಹೇಳಿ ತಾಯಿಯ ಮನಸ್ಸನ್ನು ನೋಯಿಸುವುದರಿಂದ ಯಾರಿಗೆ ಲಾಭ? ಮೌನವು ಸುಳ್ಳಲ್ಲ, ಅದು ಕರುಣೆಯೂ ಆಗಬಹುದು. ಈ ಮಾತನ್ನು ಅಲ್ಲಗಳೆಯುವವರು ತಮ್ಮ ತಮ್ಮ ಮನೆಯ ಹಿರಿಯರೊಡನೆ ಏನೇನನ್ನು ಮುಚ್ಚಿಟ್ಟಿದ್ದೇವೆಂಬುದನ್ನು ಮೊದಲು ನೆನೆದುಕೊಳ್ಳಬೇಕು. ಆದರೆ ಅದೇ ಸ್ಮೃತಿಯು ಪ್ರಿಯವಾದ ಅಸತ್ಯವನ್ನೂ ಅಲ್ಲಿಯೇ ನಿಷೇಧಿಸಿದೆ. ನೆಂಟರೆದುರಿಗೆ “ಇದನ್ನೇ” ಎಂದ ಮಾತು ಬರಿಯ ಮೌನವಾಗಿರಲಿಲ್ಲ. ಇದೂ ಅದೂ ಒಂದೇ ಆದರೆ ಅದರಲ್ಲಿಯೂ ಮೊಟ್ಟೆಯಿಲ್ಲ. ಅದರಲ್ಲಿ ಮೊಟ್ಟೆಯಿಲ್ಲವಾದರೆ ಹನ್ನೆರಡು ವರ್ಷಗಳಲ್ಲಿ ಏನೂ ಬದಲಾಗಲಿಲ್ಲ. ಒಂದು ಪದದ ಆಸರೆಯಲ್ಲಿ ಅಷ್ಟು ದೊಡ್ಡ ಕಟ್ಟಡ ನಿಂತಿತ್ತು.

ಆ ಹನ್ನೆರಡು ವರ್ಷಗಳಲ್ಲಿ ದೂರವಾಣಿಯ ಮೂಲಕ ತವರಿಗೆ ಬರುತ್ತಿದ್ದವಳು ಯಾರು? ಮಗಳಲ್ಲ, ಮಗಳ ಪ್ರತಿನಿಧಿ. ಊರನ್ನು ಬಿಟ್ಟ ದಿನ ಹೇಗಿದ್ದಳೋ ಹಾಗೆಯೇ ಇರುವವಳೆಂದು ತೋರುವಂತೆ, ತಾಯಿಯ ಮೆಚ್ಚುಗೆಗೆ ಬೇಕಾದ ಅವಯವಗಳಿಂದ ರಚಿತವಾದ ಒಂದು ರೂಪವನ್ನು ಅವಳು ಕಳುಹಿಸುತ್ತಿದ್ದಳು. ನಿಜವಾದವಳು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಮಗನೊಡನೆ ನಗುತ್ತ ಹಳದಿಯನ್ನು ಬೇರ್ಪಡಿಸುತ್ತಿದ್ದಳು. ಅವಳ ಪರಿಚಯವೇ ತಾಯಿಗೆ ಆಗಿರಲಿಲ್ಲ. ಇನ್ನೊಂದು ಕಡೆಯಿಂದಲೂ ಹೀಗೆಯೇ ಆಗಿತ್ತು. ಮಗಳು ಯಾರ ಕೋಪಕ್ಕೆ ಹೆದರಿ ಸಾಲನ್ನು ಹಾರಿಸಿದಳೋ ಆ ಕಠಿನಳಾದ ತಾಯಿಯೂ ಮಗಳ ಮನಸ್ಸಿನಲ್ಲಿದ್ದ ಒಬ್ಬ ಪ್ರತಿನಿಧಿಯೇ. ನಿಜವಾದ ತಾಯಿಗೆ ವಿಷಯ ತಿಳಿದಾಗ ಆಕೆ ಸೌಟನ್ನು ಬಿಡಲಿಲ್ಲ, ಅಳಲಿಲ್ಲ, ಶಪಿಸಲಿಲ್ಲ. ಅದು ಏತಕ್ಕೆಂದು ಕೇಳಿದಳು. ಆ ಪ್ರಶ್ನೆಯನ್ನು ಕೇಳಬಲ್ಲವಳು ಹನ್ನೆರಡು ವರ್ಷಗಳ ಹಿಂದೆಯೂ ಅಲ್ಲಿಯೇ ಇದ್ದಳು; ಆಕೆಗೆ ಅವಕಾಶ ದೊರೆಯಲಿಲ್ಲ. ಸ್ವಾಮಿಗೂ ಪ್ರತಿನಿಧಿಯಿಲ್ಲ, ದೇವತೆಗೂ ಪ್ರತಿನಿಧಿಯಿಲ್ಲ ಎಂಬ ನಿಯಮವನ್ನು ಮೀರಿದ್ದರ ಫಲವಿದು: ಕೊಡುವವಳೂ ಅಲ್ಲಿಲ್ಲ, ಪಡೆಯುವವಳೂ ಅಲ್ಲಿಲ್ಲ, ಎರಡು ರೂಪಗಳು ಪರಸ್ಪರ ಕುಶಲವನ್ನು ಕೇಳಿಕೊಂಡುವು. ತಾಯಿಯು “ಹೇಳಬಹುದಾಗಿತ್ತು” ಎಂದಾಗ ಅವಳಿಗೆ ನೋವಾದದ್ದು ಮೊಟ್ಟೆಯಿಂದೆಂದು ತಿಳಿಯುವುದು ಅವಳನ್ನು ಕಿರಿದಾಗಿಸಿದಂತೆ.

ಮೀಮಾಂಸಕರು ಇನ್ನೊಂದು ಭೇದವನ್ನು ಮಾಡುತ್ತಾರೆ. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವನ್ನು ಎಲ್ಲ ಅಂಗಗಳೊಡನೆ ಪೂರ್ಣವಾಗಿ ಮಾಡಬಲ್ಲವನೇ ಕೈಗೊಳ್ಳಬೇಕು; ನಿತ್ಯಕರ್ಮವನ್ನಾದರೋ ಶಕ್ತಿಯಿದ್ದಷ್ಟು ಮಾಡಿದರೂ ಸಲ್ಲುತ್ತದೆ, ಏಕೆಂದರೆ ಅದನ್ನು ಬಿಡುವಂತಿಲ್ಲ. ರುಚಿಗಾಗಿಯೇ ಕಸ್ಟರ್ಡ್ ಸ್ಲೈಸನ್ನು ಮಾಡುವವನು ಹಳದಿಯಿಲ್ಲದಿದ್ದರೆ ಆ ದಿನ ಸುಮ್ಮನಿರಬಹುದು, ಅವನದು ಕಾಮ್ಯ. ಮೊಮ್ಮಗನಿಗೆ ಉಣ್ಣಿಸುವ ಅಜ್ಜಿಯದು ನಿತ್ಯ. ಅವಳ ಕೈಯಲ್ಲಿ ಏನಿದೆಯೋ ಅದರಿಂದಲೇ ಮಾಡಬೇಕು, ಮತ್ತು ಇದು ಇಂಥದೆಂದು ಹೇಳಿ ಕೊಡಬೇಕು. ತಾಯಿ–ಮಗಳ ಸಂಬಂಧವೂ ನಿತ್ಯದ ಜಾತಿಗೆ ಸೇರಿದ್ದು. ಪೂರ್ಣವಾದ ಒಪ್ಪಿಗೆಯಿದ್ದರೆ ಮಾತ್ರ ನಡೆಸುವೆವೆಂದರೆ ಅದು ಎಂದಿಗೂ ನಡೆಯದು. ಒಂದೆರಡು ಅಂಗಗಳು ಲೋಪವಾಗಿದ್ದರೂ ನಡೆಸಬಹುದು. ಆದರೆ ಲೋಪವಾದದ್ದು ಯಾವುದೆಂಬುದು ಇಬ್ಬರಿಗೂ ತಿಳಿದಿರಬೇಕು.

ಆದುದರಿಂದ ತೀರ್ಪು ಹೀಗೆ ನಿಲ್ಲುತ್ತದೆ. ಹಳದಿಯ ಸ್ಥಾನದಲ್ಲಿ ಹಿಟ್ಟು ಬಂದದ್ದು ನ್ಯಾಯ. ಅದರ ಪ್ರಯೋಜನವು ಕಾಣತಕ್ಕದ್ದಾಗಿತ್ತು, ಬದಲಿಯನ್ನು ಬದಲಿಯೆಂದೇ ಹೇಳಿತ್ತು. ಸಾಲನ್ನು ಹಾರಿಸಿದ್ದು ಪ್ರೀತಿಯಿಂದಲೇ ಆಗಿದ್ದರೂ ನ್ಯಾಯವಲ್ಲ. ಅಲ್ಲಿ ಬದಲಾದದ್ದು ವಸ್ತುವಲ್ಲ, ಮನುಷ್ಯರು. ತುಪ್ಪದ ದೀಪದ ಬದಲು ಎಣ್ಣೆಯ ದೀಪ ಹಚ್ಚಿದವನಿಗೂ, ತುಪ್ಪವೆಂದು ಎಣ್ಣೆ ಮಾರಿದವನಿಗೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ರಜ ಮುಗಿದು ಮಗಳು ಹಿಂದಿರುಗುವ ಮೊದಲು ಆ ಪುಸ್ತಕದ ಪುಟದಲ್ಲಿ ಒಂದು ತಿದ್ದುಪಡಿಯಾಯಿತು. ನಾಲ್ಕು ಹಳದಿಯ ಸಾಲನ್ನು ಯಾರೂ ಹೊಡೆದುಹಾಕಲಿಲ್ಲ. ಅದರ ಕೆಳಗೆ ತಾಯಿಯ ಅಕ್ಷರದಲ್ಲಿ, ‘ಮಲ್ಲಂದೂರಿನಲ್ಲಿ ಮಾಡುವಾಗ: ಹಿಟ್ಟು 20 ಗ್ರಾಂ ಹೆಚ್ಚು, ಬೆಣ್ಣೆ ಒಂದು ಚಮಚ, ಕೇಸರಿ’ ಎಂದು ಬರೆದಿದೆ. ಎರಡು ಮನೆಗಳ ಎರಡು ಸಾಲುಗಳೂ ಒಂದೇ ಪುಟದಲ್ಲಿವೆ. ಓದುವಾಗ ಯಾವುದನ್ನೂ ಹಾರಿಸಬೇಕಾಗಿಲ್ಲ.